ಔಟಾದವರು ಕೈ ಎತ್ತಬೇಕು

ಆಗಸ್ಟ್ 3, ಶನಿವಾರ, ಸಂಜೆ

ನಾಳೆಯ ಐದು ನಿಮಿಷಕ್ಕೆ ಇನ್ನೂ ವಿಷಯ ಸಿಕ್ಕಿಲ್ಲ. ‘ಆಟದಿಂದ ಪಾಠ’ — ಪ್ರಭುದಾಸ ಪಾಸ್ಟರ್ ಇಟ್ಟ ಹೆಸರು. ನಾನು ಪಿ.ಇ. ಟೀಚರ್, ಅದಕ್ಕೇ ಪ್ರತಿ ರವಿವಾರ ಚರ್ಚಿನಲ್ಲಿ ಅವರ ಪ್ರಸಂಗಕ್ಕೆ ಮೊದಲು ಸಭೆಗೆ ಒಂದು ಗುಳಿಗೆ ನುಂಗಿಸಬೇಕು. ರಿಲೇಯಿಂದ ಐಕ್ಯತೆ. ಖೋಖೋದಿಂದ ವಿಧೇಯತೆ. ಹೋದ ವಾರ ಆಟ ಸಿಗದೆ ರೊಟ್ಟಿ ಬಡಿಯುವುದರಿಂದ ಶಿಸ್ತು.

ಈ ವಾರ ತಾಳ್ಮೆಯ ಬಗ್ಗೆ ಇರಲಿ ಸಿಸ್ಟರ್ ಎಂದು ಫೋನ್ ಮಾಡಿದ್ದರು. ನಮ್ಮ ಕೇರಿಗೆ ತಾಳ್ಮೆಯ ಪಾಠ! ಮುತ್ತಾತನ ಕಾಲದಿಂದ ಇಲ್ಲಿ ಇರುವುದು ಅದೊಂದೇ. ಗೌಡರ ಓಣಿಗೆ ಹೋಗಿ ತಾಳ್ಮೆ ಬೋಧಿಸಿದ ಪಾಸ್ಟರ್ ಯಾರನ್ನೂ ನಾನು ಕಂಡಿಲ್ಲ.

ತಾಳ್ಮೆ ಬಿಟ್ಟು ಕಬಡ್ಡಿ ತೆಗೆದುಕೊಳ್ಳುತ್ತೇನೆ. ಟಚ್ ಆದವರು ಅಂಪೈರ್ ನೋಡಿರಲಿ ಬಿಡಲಿ, ತಾವೇ ಕೈ ಎತ್ತಿ ಹೊರಗೆ ನಡೆಯಬೇಕು. ಆರು ವರ್ಷದಿಂದ ನನ್ನ ಹುಡುಗಿಯರಿಗೆ ಕಲಿಸಿದ್ದು ಇದನ್ನೇ. ಸಭೆಯೂ ಕೇಳಲಿ.

ಆಗಸ್ಟ್ 4, ರವಿವಾರ

ಪಾಠ ಚೆನ್ನಾಗಿ ಹೋಯಿತು. ಪಾಸ್ಟರ್ ಕಣ್ಣೊರೆಸಿಕೊಂಡರು. ಚಾಪೆಯ ಮೇಲೆ ಮುಂದಿನ ಸಾಲಿನಲ್ಲಿ ಶೆಟ್ಟೆವ್ವ ಕೂತಿದ್ದಳು — ನನ್ನ ಟೀಮಿನ ಸುನಂದಾಳ ತಾಯಿ. ಐದು ನಿಮಿಷವೂ ಕಣ್ಣು ಪಿಳುಕಿಸದೆ ನನ್ನನ್ನೇ ನೋಡಿದಳು. ಕೊನೆಗೆ ನಕ್ಕಳು. ಒಳ್ಳೆಯ ನಗು ಅಲ್ಲ.

ಆಗಸ್ಟ್ 14, ಬುಧವಾರ, ರಾತ್ರಿ 8

ಸಿಂದಗಿ. ತಾಲೂಕು ಫೈನಲ್. ಸೋತೆವು. ಒಂದೇ ಪಾಯಿಂಟು.

ಕ್ರೀಡಾ ಹಾಸ್ಟೆಲಿನವರು ನೋಡಲು ಬಂದಿದ್ದರು. ಗೆದ್ದ ಟೀಮಿನಿಂದ ಇಬ್ಬರನ್ನು ಆರಿಸುತ್ತೇವೆ ಎಂದು ಮೊದಲೇ ಹೇಳಿದ್ದರು. ಇಪ್ಪತ್ನಾಲ್ಕು–ಇಪ್ಪತ್ನಾಲ್ಕು. ಎದುರಿನವರ ಕೊನೆಯ ರೇಡು. ಹಿಂದಿರುಗುವಾಗ ರೇಡರಿನ ಬೆರಳು ಸುನಂದಾಳ ಅಂಗಿಯ ಅಂಚಿಗೆ ತಾಗಿತು. ಅಂಪೈರ್ ನೋಡಲಿಲ್ಲ. ರೇಡರಿಗೇ ಖಾತ್ರಿ ಇರಲಿಲ್ಲ, ತಲೆ ತಗ್ಗಿಸಿ ಹೋಗುತ್ತಿದ್ದಳು. ಸುನಂದಾ ಕೈ ಎತ್ತಿದಳು. ಎತ್ತಿದ ಕೈ ಇಳಿಸದೆ ಗೆರೆ ದಾಟಿ ಹೊರಗೆ ನಡೆದಳು.

ಅದೇ ಆಟದಲ್ಲಿ ಎದುರು ಟೀಮಿನ ಕ್ಯಾಪ್ಟನ್ — ಆ ಶಾಲೆಯ ಚೇರ್ಮನ್ನರ ಮಗಳು — ಎರಡು ಸಲ ಔಟಾಗಿ ಸುಮ್ಮನೆ ನಿಂತಿದ್ದಳು. ಹಾಸ್ಟೆಲಿನ ಒಂದು ಸೀಟು ಅವಳಿಗೆ.

ಬಸ್ಸಿನಲ್ಲಿ ಸುನಂದಾ ಒಂದೇ ಕೇಳಿದ್ದು: “ಬರೋಬ್ಬರಿ ಮಾಡೇನಿಲ್ರಿ ಬಾಯಾರ?”

ಹೂಂ, ಸರಿಯಾಗೇ ಮಾಡಿದಿ ಎಂದೆ.

ಆಗಸ್ಟ್ 18, ರವಿವಾರ

ಪಾಸ್ಟರಿಗೆ ಹಬ್ಬ. ಇಡೀ ಪ್ರಸಂಗ ಸುನಂದಾಳ ಮೇಲೆ. ಲೋಕದಲ್ಲಿ ಸೋತು ಸ್ವರ್ಗದಲ್ಲಿ ಗೆದ್ದ ಮಗಳಂತೆ. ಶಾಲು ಹೊದಿಸಿದರು, ಫೋಟೋ ತೆಗೆದರು. ಆ ಸ್ವರ್ಗದಲ್ಲಿ ಕ್ರೀಡಾ ಹಾಸ್ಟೆಲ್ ಇದೆಯೇನು? ಮೂರು ಹೊತ್ತು ಊಟ, ಬೂಟು, ಕಾಲೇಜಿನ ಫೀಸು? ಶಾಲು ಹೊದ್ದ ಹುಡುಗಿ ಅಳುತ್ತಿದ್ದಳು. ಆನಂದಬಾಷ್ಪ ಎಂದರು.

ಒಂದೇ ದಾರಿ ಉಳಿದಿದೆ. ಸೆಪ್ಟೆಂಬರ್ 10ಕ್ಕೆ ವಿಜಯಪುರದಲ್ಲಿ ಅದೇ ಹಾಸ್ಟೆಲಿನವರ ಓಪನ್ ಟ್ರಯಲ್. ನಾಳೆಯಿಂದಲೇ ಪ್ರಾಕ್ಟೀಸ್.

ಆಗಸ್ಟ್ 22, ಗುರುವಾರ

ಸೋಮವಾರದಿಂದ ಸುನಂದಾ ಮೈದಾನಕ್ಕಿಲ್ಲ. ಶಾಲೆಗೂ ಇಲ್ಲ. ಶೆಟ್ಟೆವ್ವ ದುಡಿಯುವ ಬೇಳೆ ಮಿಲ್ಲಿಗೆ ಹೋದೆ. ತಾಯಿಯ ಪಕ್ಕದಲ್ಲೇ ಕೂತು ಮಗಳು ತೊಗರಿಬೇಳೆ ಆರಿಸುತ್ತಿದ್ದಳು. ನನ್ನನ್ನು ನೋಡಿ ಎದ್ದಳು. ತಾಯಿ ತೋಳು ಹಿಡಿದು ಕೂರಿಸಿ, ನನ್ನನ್ನು ಗೇಟಿನ ಹೊರಗೆ ಕರೆತಂದಳು.

ಟ್ರಯಲ್ ಇದೆ, ಹದಿನೆಂಟು ದಿನ ಕೊಡು, ಹುಡುಗಿ ಖಂಡಿತ ಆಯ್ಕೆಯಾಗುತ್ತಾಳೆ ಎಂದೆ.

“ಮಗಳು ಕೈ ಎತ್ತಿದ್ದು ತಪ್ಪಲ್ರಿ ಬಾಯಾರ. ಆದ್ರ ಕಲಿಸಿದಾಕಿ ಯಾರು?” ಎಂದಳು. ಆಮೇಲೆ ಟೀಚರ್ ಎಂಬ ಮರ್ಯಾದೆಯ ‘ಬಾಯಾರ’ ಬಿಟ್ಟಳು. “ಇಂಡಿ ಮೈದಾನ ನೆನಪೈತಿ ನಿನಗ?”

ನೆನಪಿದೆ. 1999, ಇಂಡಿ ಊರಿನಲ್ಲಿ ಕಬಡ್ಡಿ ಫೈನಲ್. ಅವಳು ರೇಡರ್, ನಾನು ಡಿಫೆಂಡರ್. ಬೇರೆ ಬೇರೆ ಶಾಲೆ. ಅವಳ ಕೈ ನನ್ನ ಸೊಂಟದ ಹತ್ತಿರ ಅಂಗಿಗೆ ತಾಗಿತ್ತು. ಅಂಪೈರ್ ನನ್ನನ್ನೇ ಕೇಳಿದರು. ಇಲ್ಲ ಎಂದು ತಲೆಯಾಡಿಸಿದೆ. ಆ ಪಾಯಿಂಟು ಸಿಕ್ಕಿದ್ದರೆ ಅವಳ ಟೀಮಿನ ಗೆಲುವು. ಸಿಗದೆ ಆಟ ಸಮವಾಯಿತು; ಹೆಚ್ಚುವರಿ ರೇಡಿನಲ್ಲಿ ಗೆದ್ದವರು ನಾವು. ನನಗೆ ಸ್ಟೇಟ್ ಲೆವೆಲ್, ಸರ್ಟಿಫಿಕೇಟು, ಅದರ ಮೇಲೆ ಈ ನೌಕರಿ. ಅವಳಿಗೆ ಮುಂದಿನ ಬೇಸಿಗೆಗೆ ಮದುವೆ.

“ಮನೀಗಿ ಹೋಗಿ ಉಗುರು ನೋಡ್ಕೊಂಡೆ. ನಿನ್ನ ಅಂಗಿ ನೂಲು ಇತ್ತು. ನೀಲಿದು.”

ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಇದೊಂದು ಕೇಳುವ ಮಾತೇ.

“ನೀನಾಗೇ ಹೇಳ್ತಿ ಅಂತ. ಆವತ್ತ ಚರ್ಚಿನ್ಯಾಗ ಎದ್ದು ನಿಂತು ಕೈ ಎತ್ತೂ ಮಾತ ತಗದಿ. ಈಗ ಹೇಳ್ತಾಳ, ಈಗ ಹೇಳ್ತಾಳ ಅಂತ ಕುಂತೆ. ನೀ ಪಾಠ ಮುಗಿಸಿ ನೀರು ಕುಡದಿ.”

ಅವಳ ಷರತ್ತು: ರವಿವಾರ ಚರ್ಚಿನಲ್ಲಿ ಒಬ್ಬೊಬ್ಬರು ಎದ್ದು ತಮ್ಮ ಬದುಕಿನ ಸಾಕ್ಷಿ ಹೇಳುವ ಹೊತ್ತಿನಲ್ಲಿ ಇಡೀ ಸಭೆಯ ಮುಂದೆ ನಾನು ಕೈ ಎತ್ತಬೇಕು. ಆ ಸಂಜೆಯೇ ಮಗಳು ಮೈದಾನಕ್ಕೆ. ಇಲ್ಲದಿದ್ದರೆ ಬೇಳೆಗೆ.

ಆಗಸ್ಟ್ 25, ರವಿವಾರ

ಚರ್ಚಿಗೆ ಹೋಗಲಿಲ್ಲ. ಜ್ವರ ಎಂದು ಹೇಳಿಕಳಿಸಿದೆ. ಜ್ವರ ಇಲ್ಲ.

ಆಗಸ್ಟ್ 30, ಶುಕ್ರವಾರ

ಐದು ದಿನ ನನ್ನೊಳಗೇ ವಕೀಲಿ ಮಾಡಿದೆ. ನನಗೂ ಹಸಿವಿತ್ತು. ನಾನೂ ಅದೇ ಕೇರಿಯವಳು. ನಮ್ಮ ಪಾಲನ್ನು ಕಸಿದುಕೊಂಡೇ ಬೆಳೆದವರ ಊರಿನಲ್ಲಿ ನಾನೊಂದು ಪಾಯಿಂಟು ಕಸಿದರೆ ಏನು ಮಹಾ? ಆದರೆ ಕಸಿದದ್ದು ಗೌಡನಿಂದ ಅಲ್ಲ. ಶೆಟ್ಟೆವ್ವನಿಂದ. ಅಲ್ಲಿಗೆ ವಕೀಲಿ ಮುಗಿಯುತ್ತದೆ.

ಪಾಸ್ಟರ್ ಹತ್ತಿರ ಎಲ್ಲ ಹೇಳಿದೆ. ಬಾಗಿಲು ಹಾಕಿ ಬಂದು ಕೂತರು.

“ದೇವರ ಮುಂದ ಒಬ್ಬರೇ ಒಪ್ಕೋರಿ ಸಿಸ್ಟರ್. ಅಂವ ಕ್ಷಮಾ ಮಾಡ್ತಾನ. ಸಭಾದಾಗ ಬ್ಯಾಡ್ರಿ. ಮಂದಿ ಏನಂತಾರು? ನೌಕರಿ ಮ್ಯಾಲೂ ಯಾರರ ತಕರಾರು ಅರ್ಜಿ ಹಾಕ್ತಾರ.”

ಹಾಗಾದರೆ ಸುನಂದಾ? ಹದಿನೈದು ವರ್ಷದ ಹುಡುಗಿ ತುಂಬಿದ ಮೈದಾನದಲ್ಲಿ ಕೈ ಎತ್ತಬೇಕು. ಅವಳಿಗೆ ಶಾಲು. ನಲವತ್ತೊಂದರ ಟೀಚರಿಗೆ ಬಾಗಿಲು ಹಾಕಿದ ಕೋಣೆ. ಸತ್ಯ ಹೇಳುವುದೂ ಬಡವರ ಮಕ್ಕಳಿಗೇ ಹಚ್ಚಿದ ಬಿಟ್ಟಿ ಚಾಕರಿಯೇನು?

ಕೇಳಿದೆ. ಪಾಸ್ಟರ್ ಪ್ರಾರ್ಥನೆ ಮಾಡೋಣ ಎಂದರು. ಎದ್ದು ಬಂದೆ.

ಸೆಪ್ಟೆಂಬರ್ 1, ರವಿವಾರ, ಬೆಳಿಗ್ಗೆ 10.40

ಚರ್ಚಿನಲ್ಲೇ ಕೂತು ಬರೆಯುತ್ತಿದ್ದೇನೆ. ಪಕ್ಕದವರು ಪ್ರಸಂಗದ ನೋಟ್ಸ್ ಅಂದುಕೊಂಡಿರಬೇಕು. ಈ ವಾರದ ‘ಆಟದಿಂದ ಪಾಠ’ವನ್ನು ಪಾಸ್ಟರ್ ತಾವೇ ಹೇಳಿ ಮುಗಿಸಿದರು — ಕ್ರಿಕೆಟ್ಟಿನಿಂದ ತಾಳ್ಮೆ. ನನ್ನ ಕಡೆ ನೋಡಲಿಲ್ಲ.

ಪ್ರಸಂಗ ಮುಗಿಯಿತು. ಹಾಡು ಮುಗಿಯಿತು. ಟ್ರಯಲಿಗೆ ಒಂಬತ್ತು ದಿನ.

ಸಾಕ್ಷಿ ಯಾರದಾದರೂ ಇದೆಯೇ ಎಂದು ಕೇಳಿದರು. ಕೇಳಿದ ಮರುಕ್ಷಣವೇ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೈ ಜೋಡಿಸುತ್ತಿದ್ದಾರೆ. ಬೇಗ ಮುಗಿಸುವ ಅವಸರ.

ಶೆಟ್ಟೆವ್ವ ತಿರುಗಿ ನೋಡುತ್ತಿಲ್ಲ. ಸುನಂದಾ ನೋಡುತ್ತಿದ್ದಾಳೆ. ಅವಳ ಬೆರಳ ತುದಿಗೆ ಬೇಳೆಯ ಹಳದಿ ಹಿಟ್ಟು. ಅವಳಿಗೆ ತಾಯಿ ಏನೂ ಹೇಳಿಲ್ಲ. ನನ್ನ ಬಾಯಿಂದಲೇ ಕೇಳಲಿ ಎಂದು.

ಆವತ್ತು ಅಂಪೈರ್ ಕೇಳಿದಾಗ ತಲೆಯಾಡಿಸಿದ್ದೆ.

ಪೆನ್ನು ಇಡುತ್ತೇನೆ. ಕೈ—