ಕರಿಯನ ಪಾಲು

ಬಹಮನ್ ೪, ಫಸಲಿ ೧೩೫೩. ಶಹಾಪುರ. ಸಂಜೆ.

ನನ್ನ ದನದ ದವಾಖಾನೆಗೆ ಇದು ನಿಜಾಮರ ಪಂಚಾಂಗದ ಬಹಮನ್ ತಿಂಗಳು, ಹೆಂಡತಿ ದೇವಕಮ್ಮನ ಅಡುಗೆಮನೆಗೆ ಮಾರ್ಗಶಿರ. ಎರಡೂ ಕಡೆ ಬೈಗುಳ ಒಂದೇ. ಬೆಳಗ್ಗೆ ಕಾಲುಬಾಯಿ ಬೇನೆಯ ಎತ್ತುಗಳು. ಆಮೇಲೆ ಗುಡ್ಡದ ಬುಡದ ಕುರಿಹಟ್ಟಿಯಿಂದ ಸುಗಲಮ್ಮ ಬಂದಳು, ಮೈದುನ ಅಂಬ್ರಪ್ಪನ ಹೆಗಲಿಗೆ ಸತ್ತ ಕುರಿ ಹೊರಿಸಿಕೊಂಡು. ಗಂಡ ತೀರಿಹೋದ ಮೇಲೆ ಹಟ್ಟಿ ನಡೆಸುವವಳು ಅವಳೇ. ಕುರಿ ಒಂದೇ ಕಡೆ ಗಿರಗಿರ ಸುತ್ತಿ ಸುತ್ತಿ ಬಿದ್ದಿತಂತೆ. ಈ ವರ್ಷ ಇಂಥವು ಬಹಳ. ಹೀಗೇ ಹೋದರೆ ಹಟ್ಟಿ ಬರಿದು.

ಬುರುಡೆ ಬಿಡಿಸಿದೆ. ಮಿದುಳಿನಲ್ಲಿ ನೀರು ತುಂಬಿದ ಚೀಲ! ನಿಂಬೆಹಣ್ಣಿನಷ್ಟು. ಒಳಗೋಡೆಗೆ ನುಚ್ಚಕ್ಕಿ ಅಂಟಿದ ಹಾಗೆ ಬಿಳಿ ಚುಕ್ಕೆಗಳು — ಒಂದೊಂದೂ ಒಂದೊಂದು ಹುಳುವಿನ ತಲೆ. ಪುಸ್ತಕದಲ್ಲಿ ನೋಡಿದ್ದೆ. ಅಂಗೈಯಲ್ಲಿ ಹಿಡಿದದ್ದು ಇವತ್ತೇ.

ಹಿಂದೆ ಸತ್ತ ಕುರಿಗಳ ತಲೆ ಏನು ಮಾಡಿದಿರಿ ಎಂದು ಕೇಳಿದೆ. ಸುಗಲಮ್ಮನಿಗೆ ಪ್ರಶ್ನೆಯೇ ವಿಚಿತ್ರ.

"ತಲಿ ನಮ್ಮ ನಾಯಿ ಕರಿಯಾನ ಪಾಲು ಅಲ್ಲೇನ್ರಿ? ರಾತ್ರಿಯೆಲ್ಲ ತ್ವಾಳ ಕುರಿ ಹೊತ್ತೊಯ್ಯದಂಗ ಕಾಯ್ತಾನ. ಅವನ ಪಾಲು ಅವಂಗ ಕೊಡಬೇಕಲ್ರಿ."

ಸಿಕ್ಕಿಬಿಟ್ಟಿತು! ಆ ಚೀಲ ತಿಂದ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳು. ಅದರ ಮೊಟ್ಟೆ ಹೇಲಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ, ಕುರಿಯ ಮಿದುಳಿಗೆ... ಮತ್ತೆ ನಾಯಿಗೆ. ಕುಣಿಯುವುದೊಂದು ಬಾಕಿ. ರೋಗ ಹರಡುವುದು ನಿಮ್ಮ ನಾಯಿಯೇ ಎಂದು ಕೂಗಿ ಹೇಳಿದೆ. ಅಂಬ್ರಪ್ಪ ಸಟ್ಟನೆ ಎದ್ದು ಹೋದ.

ಬಹಮನ್ ೫. ಸಂಜೆ.

ನನ್ನ ಬಾಯಿಗೆ ಬೀಗ ಹಾಕಬೇಕು. ಮಧ್ಯಾಹ್ನ ಸುಗಲಮ್ಮ ಓಡಿಬಂದಳು. ಅಂಬ್ರಪ್ಪ ಕರಿಯನನ್ನು ಬೇವಿನ ಮರಕ್ಕೆ ಕಟ್ಟಿ ಕೊಡಲಿ ಮಸೆಯುತ್ತಿದ್ದಾನಂತೆ. ಸೈಕಲ್ ಹತ್ತಿದೆ. ದಾರಿಯಲ್ಲಿ ಚಪ್ಪಲಿ ಬಿದ್ದದ್ದೂ ಗೊತ್ತಾಗಲಿಲ್ಲ.

"ನಾಯಿಯಿಂದ ರೋಗ ಅಂತ ನೀವೇ ಅಂದೀರಲ್ರಿ, ಸಾಹೇಬ್ರ," ಎಂದ ಅಂಬ್ರಪ್ಪ.

ಅಂದದ್ದು ಹೌದು. ಕರಿಯ ಪಾಪ, ಕಟ್ಟಿಹಾಕಿದ್ದಕ್ಕೂ ಬಾಲ ಅಲ್ಲಾಡಿಸುತ್ತಿದ್ದ. ಇವನನ್ನು ಕೊಂದು ಇನ್ನೊಂದು ನಾಯಿ ತಂದು ಅದಕ್ಕೂ ತಲೆ ಹಾಕಿದರೆ ಏನು ಬಂತು, ಎಂದು ಕೇಳಿದೆ. ನಾಳೆಯವರೆಗೆ ಬಿಡು, ಹೊಟ್ಟೆಯ ಹುಳು ಹೊರಗೆ ತೆಗೆದು ತೋರಿಸುತ್ತೇನೆ, ಆಗದಿದ್ದರೆ ನಿನ್ನಿಷ್ಟ. ಒಪ್ಪಿದ. ಆದರೆ ಕೊಡಲಿ ಒಳಗಿಡಲಿಲ್ಲ.

ಮಾತು ಕೊಟ್ಟಾಯಿತು. ಮದ್ದೆಲ್ಲಿದೆ? ಯುದ್ಧದ ಗದ್ದಲದಲ್ಲಿ ಹೈದರಾಬಾದಿನಿಂದ ಏನೂ ಬರುತ್ತಿಲ್ಲ. ಅಡಿಕೆ ಪುಡಿಯೂ ನಡೆಯುತ್ತದೆ ಎಂದು ಕಾಲೇಜಿನಲ್ಲಿ ಹೇಳಿದ್ದರು. ದೇವಕಮ್ಮನ ಎಲೆಅಡಿಕೆ ಡಬ್ಬಿ ಬರಿದು ಮಾಡಿದೆ. ನಾಯಿಗೆಂದು ಗೊತ್ತಾದ ಮೇಲೆ ನನಗೆ ಎಲೆಯೂ ಇಲ್ಲ, ಮಾತೂ ಇಲ್ಲ.

ಬಹಮನ್ ೬.

ಬಂತು! ಬಂತು!

ರಾತ್ರಿ ಉಪವಾಸ ಕೆಡವಿದ್ದ ಕರಿಯ, ಪುಡಿಯನ್ನು ತುಪ್ಪ ಬೆಲ್ಲದ ಉಂಡೆಯಲ್ಲಿ ಕೊಟ್ಟರೆ ಗುಳುಂ. ಆಮೇಲೆ ಇಡೀ ಹಟ್ಟಿ ನಾಯಿಯ ಹಿಂಭಾಗ ನೋಡುತ್ತಾ ನಿಂತಿತು. ನಾನು ಕೊಡಲಿ ನೋಡುತ್ತಾ ನಿಂತೆ. ಕಡೆಗೆ ಬಂದವು — ಬಿಳಿಯವು, ಉದ್ದನ್ನವು, ಗಣಿಕೆ ಗಣಿಕೆಯವು. ಟೋಪಿ ಮೇಲಕ್ಕೆ ಎಸೆದೆ. ನಾಯಿಯ ಹೇಲು ನೋಡಿ ಇಷ್ಟು ಸಂತೋಷಪಟ್ಟವ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಎಲ್ಲ ಬಳಿದು ಬೆಂಕಿಗೆ ಹಾಕಿದೆವು. ಹಗ್ಗ ಬಿಚ್ಚಿದವನು ಅಂಬ್ರಪ್ಪನೇ.

ಈಗಾಗಲೇ ತಲೆಗೆ ಏರಿದ ರೋಗ ಇನ್ನೂ ಕೆಲವು ಕುರಿಗಳಲ್ಲಿ ಕಾಣಬಹುದು, ಕರಿಯನನ್ನು ದೂರಬೇಡಿ, ಸತ್ತ ಕುರಿಯ ತಲೆ ಮಾತ್ರ ಸುಡಿ ಎಂದೆ. ಸುಗಲಮ್ಮನ ಮುಖ ಬಾಡಿತು.

"ಪಾಲು ತಪ್ಪಿಸಿ ಅವಂಗ ಹ್ಯಾಂಗ ಮಾರಿ ತೋರಿಸ್ಲಿರಿ?"

ಈ ಪ್ರಶ್ನೆ ನನ್ನ ಪುಸ್ತಕದಲ್ಲಿಲ್ಲ.

ಬಹಮನ್ ೨೨. ಸಂಜೆ.

ಇಷ್ಟು ದಿನ ಹುಣಸಗಿ, ಸುರಪುರ ತಿರುಗಾಟ. ಬರೆದಿಲ್ಲ. ಬರುತ್ತಲೇ ಸುದ್ದಿ — ಸುಗಲಮ್ಮನ ಇನ್ನೊಂದು ಕುರಿ ಸುತ್ತಿ ಸತ್ತಿದೆ. ಚಹಾ ಬಿಟ್ಟು ಓಡಿದೆ. ತಲೆ ನಾಯಿಗೆ ಹಾಕಿದ್ದರೆ? ಅಥವಾ ಸಿಟ್ಟಿಗೆ ನಾಯಿಯನ್ನೇ...

ಬೇವಿನ ಮರದ ಕೆಳಗೆ ಬೆಂಕಿ. ಬೆಂಕಿಯಲ್ಲಿ ತಲೆ. ಅಂಬ್ರಪ್ಪ ಕೋಲು ಹಿಡಿದು ಕಾಯುತ್ತಿದ್ದ. ಕರಿಯ ಎದುರಿಗೆ ಕೂತು ಜೊಲ್ಲು ಸುರಿಸುತ್ತಿದ್ದ. ಸುಗಲಮ್ಮ ತನ್ನ ಬುತ್ತಿ ಬಿಚ್ಚಿ, ಜೋಳದ ರೊಟ್ಟಿ ಹಾಲಿನಲ್ಲಿ ಮುರಿದು, ತಾನು ತುತ್ತು ಮುಟ್ಟುವ ಮೊದಲೇ ಅವನ ಮುಂದಿಟ್ಟಳು.

"ನಿನ್ನ ಪಾಲು ಸುಟ್ಟೀನಪ್ಪ. ಇನ್ನ ಮ್ಯಾಲೆ ನನ್ನ ಪಾಲಾಗ ನಿಂದು."

ಅತ್ತುಬಿಟ್ಟೆ. ಎಲ್ಲರೂ ನೋಡಿದರು. ನೋಡಲಿ.

ಬಹಮನ್ ೨೩. ಬೆಳಗ್ಗೆ.

ಬೊಗಳಾಟಕ್ಕೆ ಎಚ್ಚರವಾಯಿತು. ಬಾಗಿಲಲ್ಲಿ ಅಂಬ್ರಪ್ಪ! ಹಿಂದೆ ಸುತ್ತಲಿನ ಹಟ್ಟಿಯವರೆಲ್ಲ, ಎಲ್ಲರ ಕೈಯಲ್ಲೂ ಹಗ್ಗ, ಹಗ್ಗಕ್ಕೊಂದು ನಾಯಿ. ರಾತ್ರಿ ಉಪವಾಸ ಕೆಡವಿಯೇ ತಂದಿದ್ದಾರಂತೆ.

"ಇವಕೂ ಅಡಿಕಿ ಹಾಕ್ರಿ, ಸಾಹೇಬ್ರ."

ದೇವಕಮ್ಮ ಹೊಸ ಅಡಿಕೆ ತುಂಬಿದ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಾಳಿಗೆ ಹತ್ತುತ್ತಿದ್ದಾಳೆ. ಉಳಿದದ್ದು ಆಮೇಲೆ ಬರೆಯುತ್ತೇನೆ, ಮೊದಲು ಆ ಡಬ್ಬಿ ಹಿಡಿಯಬೇಕು!