ಇಪ್ಪತ್ತೆರಡನೆಯ ತಿರುವು

ಮಾರ್ಚ್ 3, ಸೋಮವಾರ

ಡಾಕ್ಟರಮ್ಮನ ಕೋಟಿನ ತೋಳು ಬಿಚ್ಚಿ ಮತ್ತೆ ಹೊಲಿದೆ. ಮೂರನೇ ಸಲ. ಅವರ ಎಡಗೈ ಒಂದು ಬೆರಳಷ್ಟು ಗಿಡ್ಡ. ಹೇಳಿದರೆ ಒಪ್ಪುವುದಿಲ್ಲ, ನನ್ನ ಟೇಪೇ ಸರಿಯಿಲ್ಲವಂತೆ. ಆಯ್ತು ತಾಯಿ.

ಸೂಜಿಗೆ ದಾರ ಪೋಣಿಸಲು ಹತ್ತು ನಿಮಿಷ ಹಿಡಿಯಿತು. ಮದುವೆಯಾದಾಗಿನಿಂದ ಅದು ಇವರ ಕೆಲಸ. ಬಸ್ಸು ಡಿಪೋಗೆ ಬಿಟ್ಟು ಬಂದವರೇ ನಾಳೆಗೆ ಬೇಕಾದಷ್ಟು ಸೂಜಿ ಪೋಣಿಸಿ ಚುಚ್ಚಿಡುತ್ತಿದ್ದರು. ಈಗ ಕೇಳಿದರೆ ಪೇಪರ್ ಓದುತ್ತಿದ್ದಾರಂತೆ. ಅರ್ಧ ಗಂಟೆಯಿಂದ ಅದೇ ಪುಟ. ಮಾತಾಡುವಾಗ ನನ್ನ ಮುಖವನ್ನೂ ನೋಡುವುದಿಲ್ಲ, ಕಿವಿಯ ಪಕ್ಕದ ಗೋಡೆ ನೋಡುತ್ತಾರೆ. ಮಂಡಿನೋವು ಅಂತ ಎರಡು ವರ್ಷ ಮೊದಲೇ ನಿವೃತ್ತಿ ತೆಗೆದುಕೊಂಡರು. ಮಂಡಿ ಗಟ್ಟಿಯಾಗೇ ಇದೆ, ಕೆಟ್ಟಿರುವುದು ತಲೆ ಅಂತ ಬೈದೆ. ನಕ್ಕರು. ಗೋಡೆ ನೋಡಿಕೊಂಡೇ.

ಊಟ ಆದ ಮೇಲೆ ಇದ್ದಕ್ಕಿದ್ದಂತೆ — ಶನಿವಾರ ಕಾರಿನಲ್ಲಿ ಬೆಟ್ಟಕ್ಕೆ ಹೋಗೋಣವಂತೆ. ಇವರು ಮೂವತ್ತೊಂದು ವರ್ಷ ಬಸ್ಸು ಓಡಿಸಿದ ದಾರಿ. ನಾನು ಒಂದು ಸಲವೂ ನೋಡಿಲ್ಲ. ಕೇಳಿದಾಗಲೆಲ್ಲ 'ಮುಂದಿನ ವರ್ಷ'. ಇವತ್ತು ಸೂರ್ಯ ಯಾವ ಕಡೆ ಹುಟ್ಟಿದನೋ.

ಮಾರ್ಚ್ 8, ಶನಿವಾರ. ಬೆಳಗ್ಗೆ 11

ಕಾರಿನಲ್ಲೇ ಬರೆಯುತ್ತಿದ್ದೇನೆ. ಅಳತೆ ಪುಸ್ತಕ ತಂದಿದ್ದಕ್ಕೆ ಇವರಿಗೆ ನಗು. ಬೆಟ್ಟಕ್ಕೆ ಅಂಗಿ ಹೊಲಿಯುತ್ತೀಯಾ ಅಂತ. ಅದರ ಹಿಂದಿನ ಪುಟಗಳಲ್ಲಿ ನಾನು ಇದನ್ನೆಲ್ಲ ಬರೆಯುವುದು ಇವರಿಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಒಟ್ಟು ನಲವತ್ತಾರು ತಿರುವು. ಬರುವ ಮೊದಲೇ ಹೇಳುತ್ತಾರೆ — ಏಳು, ಎಡಕ್ಕೆ. ಎಂಟು, ಬಲಕ್ಕೆ, ಕಿರಿದು. ಎಲ್ಲ ಬಾಯಿಪಾಠ. ಆಮೆ ವೇಗ. ಹಿಂದಿನವರೆಲ್ಲ ಹಾರ್ನ್ ಹೊಡೆದು ಮುಂದೆ ಹೋದರು. ಎದುರು ಗಾಡಿಗೆ ದಾರಿ ಬಿಡಲು ಅಲ್ಲಲ್ಲಿ ರಸ್ತೆ ಅಗಲ ಮಾಡಿದ್ದಾರಲ್ಲ, ಅಂಥ ಒಂದೊಂದರಲ್ಲೂ ನಿಲ್ಲಿಸುತ್ತಾರೆ. ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ. ಕಿಟಕಿ ಇಳಿಸಿ ಸುಮ್ಮನೆ ಕೂರುತ್ತಾರೆ.

"ಬಸ್ಸಲ್ಲಿ ಟೈಮಿಗೆ ಸರಿಯಾಗಿ ಹೋಗ್ಬೇಕಿತ್ತು. ಈಗ ಯಾರಪ್ಪನ ಹಂಗು? ಏನೇನು ಕಾಣ್ಸತ್ತೆ, ಹೇಳು."

ಹೇಳಿದೆ. ಬರೀ ಬಂಡೆ, ಮರವೇ ಇಲ್ಲ. ಬಂಡೆ ಸಂದಿಯಲ್ಲಿ ಹಳದಿ ಹೂವು, ಅಂಗಿಯ ಗುಂಡಿಯಷ್ಟು. ಚಾವಣಿ ಇಲ್ಲದ ಕಲ್ಲಿನ ಮನೆ, ಒಳಗೆ ಕುರಿಗಳು. ಕೆಳಗೆ ಎಷ್ಟೋ ಆಳದಲ್ಲಿ ನದಿ. ಇವರು ತಲೆಯಾಡಿಸುತ್ತಾ ಕೇಳಿದರು. ಮನೆಯಲ್ಲಿ ನನ್ನ ಮಾತನ್ನು ಇಷ್ಟು ಹೊತ್ತು ಕೇಳಿದ್ದೇ ಇಲ್ಲ. ನಾಚಿಕೆ ಬಿಟ್ಟು ಬರೆಯುತ್ತೇನೆ, ಖುಷಿಯಾಯಿತು. ಈ ವಯಸ್ಸಿಗೆ ಇವರಿಗೆ ಇದೆಲ್ಲ ಎಲ್ಲಿಂದ ಬಂತು…

ಸಂಜೆ 5

ಹದಿನೆಂಟನೇ ತಿರುವಿನ ಚಹಾ ಅಂಗಡಿ. ಅಂಗಡಿಯ ಅಜ್ಜಿ ಇವರನ್ನು ದೂರದಿಂದಲೇ ಗುರುತಿಸಿ ಬಂದು ಎದುರಿಗೇ ನಿಂತರು. ಇವರು ಯಾರೋ ಎಂಬಂತೆ ಎರಡು ಚಹಾ ಕೊಡಿ ಅಂದುಬಿಟ್ಟರು. ಅಜ್ಜಿ ಬಾಯಿ ತೆರೆದು ಬೈದ ಮೇಲೆ ದನಿಯಿಂದ ಗುರುತು ಹತ್ತಿ, ಕೈ ಹಿಡಿದುಕೊಂಡು ಕ್ಷಮೆ ಕೇಳಿದರು. ಮೂವತ್ತೊಂದು ವರ್ಷ ಚಹಾ ಕುಡಿಸಿದ ಮುಖ ಮರೆಯುತ್ತಾರೆಯೇ? ನನಗೇ ಮುಜುಗರವಾಯಿತು. ಇಪ್ಪತ್ತೊಂದರ ಹತ್ತಿರ ಲಾಡ್ಜ್, ಎರಡೇ ಕೋಣೆ. ನಲವತ್ತು ಕಿಲೋಮೀಟರಿಗೆ ಇಡೀ ದಿನ. ನಡೆದಿದ್ದರೂ ಇಷ್ಟೇ.

ಮಾರ್ಚ್ 9, ಭಾನುವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಬೆಳಗ್ಗೆ ಚೆನ್ನಾಗೇ ಹೊರಟೆವು. "ಇಪ್ಪತ್ತೆರಡು, ಬಲಕ್ಕೆ" ಅಂದರು, ತಿರುಗಿಸಿದರು. ರಸ್ತೆ ಒರಟು. ಟಾರ್ ಕಿತ್ತು ಹುಲ್ಲು ಬೆಳೆದಿತ್ತು. ಇನ್ನೇನೋ ತೋರಿಸಲು ಕರೆದುಕೊಂಡು ಬಂದಿದ್ದಾರೆ ಅಂತ ನಾನು ಕಿಟಕಿಯಾಚೆ ನೋಡುತ್ತಾ ಕೂತಿದ್ದೆ. ಮುಂದೆ ನೋಡಿದರೆ ದಾರಿಗೆ ಅಡ್ಡ ಕಲ್ಲಿನ ರಾಶಿ. ಅದರಾಚೆ ರಸ್ತೆಯೇ ಇಲ್ಲ. ನಿಲ್ಲಿಸಿ ಅಂತ ಕಿರುಚಿದೆ. ನಿಂತಿತು. ರಾಶಿಗೂ ನಮಗೂ ಎರಡು ಮೊಳ.

ಇವರು ಸ್ಟೇರಿಂಗ್ ಬಿಡಲಿಲ್ಲ. ಮೆಲ್ಲಗೆ ಕೇಳಿದರು.

"ಎದುರಿಗೆ ಏನಿದೆ?"

ಎಲ್ಲ ಅರ್ಥವಾಗಿಹೋಯಿತು. ಸೂಜಿ, ಪೇಪರ್, ಅಜ್ಜಿ, ಗೋಡೆ. ಇವರು ಕೆಲಸ ಬಿಟ್ಟ ಮೇಲೆ ಆ ತಿರುವನ್ನೇ ತೆಗೆದು, ಬಂಡೆ ಕಡಿದು ನೇರ ರಸ್ತೆ ಮಾಡಿದ್ದಾರೆ. ಬೇರೆ ಯಾರೇ ಆಗಿದ್ದರೂ ಹೊಸ ರಸ್ತೆಯಲ್ಲಿ ನೇರ ಹೋಗಿಬಿಡುತ್ತಿದ್ದರು. ಇವರು ನೆನಪಿನಲ್ಲಿ ಓಡಿಸುತ್ತಿದ್ದರು.

ನೋಟದ ನಡುವೆ ಮಸಿ ಮೆತ್ತಿದ ಹಾಗಂತೆ, ಎರಡೂ ಕಣ್ಣಿಗೆ. ನೇರ ನೋಡಿದ್ದು ಅಳಿಸಿಹೋಗುತ್ತದಂತೆ, ಪಕ್ಕದ್ದು ಕಾಣುತ್ತದಂತೆ. ಕಣ್ಣಿನ ವಿಷಯ ಗೊತ್ತಾದ ವಾರವೇ, ಬಸ್ಸಿನಲ್ಲಿ ಐವತ್ತು ಜೀವ ಇರುತ್ತದೆ ಅಂತ ಕೆಲಸ ಬಿಟ್ಟರಂತೆ. ಮಂಡಿ ಬರೀ ನೆಪ. ದಾರಿಯುದ್ದಕ್ಕೂ ನಿಲ್ಲಿಸಿದ್ದು ಎದುರಿನ ಗಾಡಿಯ ಸದ್ದು ಕೇಳಲು. ನಾನೊಬ್ಬಳು ಹುಚ್ಚಿ, ಪ್ರೀತಿ ಉಕ್ಕಿದೆ ಅಂದುಕೊಂಡೆ.

ಮೈಯೆಲ್ಲ ಉರಿದುಹೋಯಿತು. ಐವತ್ತು ಜೀವಕ್ಕೆ ಹೆದರಿದಿರಿ, ಒಂದು ಜೀವ ಲೆಕ್ಕಕ್ಕಿಲ್ಲವಾ ಅಂತ ಕೇಳಿದೆ. ಇಳಿದುಹೋಗಿ ಕಲ್ಲಿನ ಮೇಲೆ ಕೂತರು. ಅಲ್ಲಿಂದಲೇ ಅಂದರು,

"ತಪ್ಪು ನಂದೇ ಕಣೇ. ಪೂರ್ತಿ ಕತ್ತಲಾಗೋ ಮುಂಚೆ ನಿಂಗೆ ತೋರಿಸ್ಬೇಕು ಅನ್ನಿಸ್ತು. ನಾನೇ ಓಡಿಸಿ ತೋರಿಸ್ಬೇಕು ಅಂತ. ಅದೇ ನನ್ನ ದುರಾಸೆ."

ಅತ್ತುಬಿಟ್ಟೆ. ಸಿಟ್ಟೂ ಇತ್ತು, ಅಳುವೂ ಬಂತು.

ಹೊಸ ರಸ್ತೆಯಲ್ಲಿ ಹಾಲಿನ ಲಾರಿಯೊಂದು ನಿಂತಿತು. ಡ್ರೈವರ್ ಬಂದು ನೋಡಿ, ಕಾರನ್ನು ತಾನೇ ತೆಗೆದು ಕೆಳಗಿನ ಊರಿಗೆ ಮುಟ್ಟಿಸುತ್ತೇನೆ ಅಂದ. ಒಳ್ಳೆಯವನು. ಇವರು ಬೀಗದ ಕೈಯನ್ನು ಅವನ ಕಡೆ ಚಾಚಿದರು. ಆ ಮುಖ ನನ್ನಿಂದ ನೋಡಲಾಗಲಿಲ್ಲ.

ನಡುವೆ ಕೈ ಹಾಕಿ ನಾನೇ ತೆಗೆದುಕೊಂಡೆ.

ಹನ್ನೊಂದು ವರ್ಷದ ಹಿಂದಿನ ಲೈಸೆನ್ಸ್ ನನ್ನದು. ಓಡಿಸಿದ್ದು ಎರಡೇ ಸಲ. ಎರಡನೇ ಸಲ ಸ್ಕೂಲಿನ ಗೇಟಿಗೆ ಗುದ್ದಿದ್ದೆ. ನಿನ್ನ ಕಾಲಿಗೆ ಹೊಲಿಗೆ ಮಿಷನ್ನೇ ಸರಿ ಅಂದಿದ್ದರು ಇವರು ಅವತ್ತು. ಆಮೇಲೆ ನಾನು ಮುಟ್ಟಲಿಲ್ಲ. ಈಗ ಇವರೇ ಕಿಟಕಿಗೆ ಬಗ್ಗಿ,

"ಕ್ಲಚ್ಚನ್ನ ಮಿಷನ್ ಪೆಡಲ್ ಅಂದ್ಕೋ. ರೇಷ್ಮೆ ಬಟ್ಟೆ ಹೊಲೀವಾಗ ಹೇಗೆ ಬಿಡ್ತೀಯೋ, ಹಾಗೇ ಬಿಡು."

ಹಿಂದೆ ಹೋಗಿ ಓರೆಯಾಗಿ ನಿಂತರು. ಹಾಗೆ ನಿಂತರೆ ಚಕ್ರ ಕಾಣುತ್ತದಂತೆ. ಕಾರಿನ ಬೆನ್ನಿಗೆ ತಟ್ಟುತ್ತಾ ಬರ್ಲಿ, ಬರ್ಲಿ, ಹೋಲ್ಡಾನ್. ಇಂಜಿನ್ ನಾಲ್ಕು ಸಲ ಆಫ್ ಆಯಿತು. ಐದನೇ ಸಲ ರಸ್ತೆಗೆ ಬಂದೆ. ಲಾರಿಯವನು ಚಪ್ಪಾಳೆ ತಟ್ಟಿದ. ತಲೆಹರಟೆ.

ಕೆಳಕ್ಕೋ ಮೇಲಕ್ಕೋ ಅಂತ ಇವರು ಕೇಳಿದರು. ಮೇಲಕ್ಕೆ ಅಂದೆ.

ಮಾರ್ಚ್ 12, ಬುಧವಾರ. ಬೆಳಗ್ಗೆ 8

ಎರಡು ದಿನ ಬರೆಯಲು ಆಗಲಿಲ್ಲ. ಕೈ ಸ್ಟೇರಿಂಗಿಗೇ ಅಂಟಿಕೊಂಡಿತ್ತು. ಉಳಿದ ಇಪ್ಪತ್ತನಾಲ್ಕು ತಿರುವಿಗೆ ಎರಡು ದಿನ. ಈಗ ಬೆಟ್ಟದ ತುದಿಯ ಲಾಡ್ಜಿನಲ್ಲಿದ್ದೇವೆ. ಎಲ್ಲ ಕಡೆಯೂ ನಿಲ್ಲಿಸಿದೆ, ಈ ಸಲ ನನ್ನ ಪುಕ್ಕಲುತನಕ್ಕೆ. ತಿರುವು ಇವರು ಹೇಳುತ್ತಾರೆ, ದಾರಿಯನ್ನು ನಾನು ನೋಡುತ್ತೇನೆ. ನಿಂತಾಗಲೆಲ್ಲ ಕಂಡದ್ದನ್ನು ಹೇಳುತ್ತೇನೆ. ಮೂವತ್ತಾರರಲ್ಲಿ ಹದ್ದು ನಮಗಿಂತ ಕೆಳಗೆ ಹಾರುತ್ತಿತ್ತು. ಅದರ ಬೆನ್ನು ನೋಡಿದೆ ಅಂದರೆ ಇವರು ನಂಬಲೇ ಇಲ್ಲ. ಇಷ್ಟು ವರ್ಷ ಅದೇ ದಾರಿ, ಒಂದು ಸಲವೂ ಪಕ್ಕಕ್ಕೆ ನೋಡಿಲ್ಲವಂತೆ. ರಸ್ತೆ ಮಾತ್ರ.

ಬರುವ ಸೋಮವಾರ ಇವರು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ನಾನೂ ಬರುತ್ತೇನೆ ಅಂದೆ. ಹೂಂ ಅಂದರು, ಜಗಳವಿಲ್ಲದೆ.

ಈಗ ಪುಸ್ತಕ ತೆರೆದರೆ ಮುಂಭಾಗದ ಅಳತೆ ಪುಟಗಳ ನಡುವೆ ಇವರ ಲೈಸೆನ್ಸ್. ಡಾಕ್ಟರಮ್ಮನ ತೋಳಿನ ಅಳತೆಯ ಪಕ್ಕದಲ್ಲಿ. ಯಾವಾಗ ಇಟ್ಟರೋ. ಇದೇನ್ರೀ ಅಂದೆ.

"ಅಲ್ಲೇ ಇರ್ಲಿ. ನಿನ್ನ ಕೈಲೇ ಇರ್ಲಿ."

ಅಂದು ನನ್ನ ಕಿವಿಯ ಪಕ್ಕದ ಗೋಡೆಯನ್ನೇ ನೋಡುತ್ತಾ ನಿಂತರು, ತುಂಬ ಹೊತ್ತು. ನನ್ನ ಮುಖ ಕಾಣಬೇಕಾದರೆ ಇವರು ಅಲ್ಲಿ ನೋಡಬೇಕು. ತಿಂಗಳುಗಟ್ಟಲೆ ಹೀಗೇ ನೋಡುತ್ತಿದ್ದರು, ನಾನು ಬೈಯುತ್ತಿದ್ದೆ. ಕೂದಲು ಸರಿಮಾಡಿಕೊಂಡೆ.

ಹೊರಗೆ ಕಾರಿನ ಬೆನ್ನಿಗೆ ತಟ್ಟುತ್ತಿದ್ದಾರೆ. ರೈಟ್ ರೈಟ್ ಅಂತ ಕೂಗು ಬೇರೆ, ಇಡೀ ಲಾಡ್ಜಿಗೆ ಕೇಳುವ ಹಾಗೆ. ಇಳಿಯುವಾಗ ನಲವತ್ತಾರರಿಂದ ಹಿಂದಕ್ಕೆ ಎಣಿಸಬೇಕು. ಇಪ್ಪತ್ತೆರಡನ್ನು ಲೆಕ್ಕದಿಂದ ತೆಗೆಯೋಣವಾ ಅಂದಿದ್ದಕ್ಕೆ, ಬೇಡ, ಅಲ್ಲಿ ನಿಲ್ಲಿಸು, ನಿನ್ನ ಹತ್ತಿರ ಒಂದು ಮಾತು ಹೇಳುವುದಿದೆ ಅಂದರು. ಏನು ಮಾತೋ, ಅಲ್ಲೇ ಕೇಳುತ್ತೇನೆ.