ಕ್ಷೇಮವಾದರೆ ಒಂದು ಒತ್ತಿ

ಏಪ್ರಿಲ್ 5, ಶನಿವಾರ. ಸಂಜೆ 7

ಶನಿವಾರದ ಮಕ್ಕಳ ಗುಂಪು: ಹದಿನಾಲ್ಕರಲ್ಲಿ ಹದಿಮೂರು. ಬಾರದವನು ಉದ್ದನೆಯ ಹುಡುಗ, ಹಲ್ಲುನೋವಂತೆ. ಗಂಟು ಹಾಕುವುದನ್ನು ಮೂರನೇ ವಾರವೂ ಹೇಳಿಕೊಟ್ಟೆ. ಕುರ್ಚಿಯನ್ನು ಕಂಬಕ್ಕೆ ಬಿಗಿದರು, ಬಿಚ್ಚಲು ಒಬ್ಬರಿಗೂ ಬರಲಿಲ್ಲ. ಕೊನೆಗೆ ಬ್ಲೇಡು. ಒಳ್ಳೆಯ ಹಗ್ಗ ಹಾಳಾಯಿತು.

ಕೇಂದ್ರ ಕಚೇರಿಯ ಸಂಯೋಜಕ ಬಂದಿದ್ದ. ಮೂವತ್ತು ದಾಟಿರಲಿಕ್ಕಿಲ್ಲ. ಶೂ ಹಾಕಿಕೊಂಡೇ ವ್ಯಾಯಾಮದ ಚಾಪೆಯ ಮೇಲೆ ನಿಂತು ಲ್ಯಾಪ್‌ಟಾಪ್ ತೆರೆದ.

"ಇನ್ಮೇಲೆ ರಿಜಿಸ್ಟರ್ ಬೇಡ ಸರ್. ಹಾಜರಿ, ಗಾಯ, ಮಕ್ಕಳ ಮೂಡು, ಎಲ್ಲಾ ಆನ್‌ಲೈನ್. ತುಂಬ್ತಾ ಹೋದ್ರೆ ತಿಂಗಳ ಕೊನೇಲಿ ಗುಂಪಿನ ಆರೋಗ್ಯ ಹೇಗಿದೆ ಅಂತ ಅದೇ ಹೇಳುತ್ತೆ. ಹಸಿರು, ಹಳದಿ, ಕೆಂಪು."

"ಯಾರಿಗಾದ್ರೂ ಜ್ವರ ಬಂದ್ರೆ?"

"ಗುಂಪಿನ ಆರೋಗ್ಯ ಸರ್. ಮಕ್ಕಳದ್ದಲ್ಲ."

ತಮಾಷೆಗೆ ಹೇಳಿದ್ದಲ್ಲ ಅವನು. ಎರಡು ಸಲ ಕೆಂಪು ಬಂದರೆ ಹಾಲ್ ಬೇರೆಯವರಿಗೆ. ನಮ್ಮ ಮಕ್ಕಳು ಎರಡು ಬಸ್ಸು ಬದಲಿಸಿ ಊರಾಚೆಯ ಗುಂಪಿಗೆ ಹೋಗಬೇಕು. ಒಬ್ಬರೂ ಹೋಗುವುದಿಲ್ಲ, ನನಗೆ ಗೊತ್ತು. ಇಪ್ಪತ್ತೆರಡು ವರ್ಷದಿಂದ ಈ ಹಾಲ್‌ನ ಬೀಗ ತೆಗೆಯುತ್ತಿದ್ದೇನೆ. ಒಡೆದ ಕಿಟಕಿಗೆ ರಟ್ಟು ಅಂಟಿಸಿದವನು ನಾನು. ಸೋರುವ ನಲ್ಲಿಗೆ ವಾಷರ್ ಹಾಕಿದವನೂ ನಾನೇ.

ಏಪ್ರಿಲ್ 12, ಶನಿವಾರ. ರಾತ್ರಿ 8

ಎಲ್ಲರ ವಿವರ ಫೋನಿನಲ್ಲಿ ತುಂಬಿದೆ. ಹೆಬ್ಬೆಟ್ಟು ಬಿದ್ದುಹೋಗುವಷ್ಟು ಒತ್ತಿದ್ದಾಯಿತು. ಪೋಷಕರ ನಂಬರ್ ಹಾಕದಿದ್ದರೆ ಮುಂದಕ್ಕೇ ಹೋಗುವುದಿಲ್ಲ, ಹಟಮಾರಿ ಎತ್ತಿನ ಹಾಗೆ ನಿಂತುಬಿಡುತ್ತದೆ.

ಸಿಳ್ಳೆಯ ಹತ್ತಿರ ನಂಬರ್ ಇಲ್ಲ. ಹದಿನೈದು ವರ್ಷ, ಅಪ್ಪನಿಲ್ಲ, ಅಮ್ಮ ಹೊಲಿಗೆಯವಳು. ಎರಡು ಬೆರಳು ಬಾಯಿಗಿಟ್ಟರೆ ಮೂರು ಬೀದಿಗೆ ಕೇಳಿಸುತ್ತಾಳೆ, ಅದಕ್ಕೇ ಆ ಹೆಸರು.

"ಅಮ್ಮನ ಫೋನ್ ನೀರಿಗೆ ಬಿತ್ತು ಸರ್. ಹೊಸದು ತಗೊಂಡ್ಮೇಲೆ ಹೇಳ್ತೀನಿ."

ಸದ್ಯಕ್ಕೆ ಎಂದು ನನ್ನ ನಂಬರನ್ನೇ ಹಾಕಿದೆ. ಆಮೇಲೆ ಬದಲಿಸಿದರಾಯಿತು.

ಏಪ್ರಿಲ್ 26, ಶನಿವಾರ

ಸಂಯೋಜಕ ಮತ್ತೆ ಬಂದ. ಪರದೆಯ ಮೇಲೆ ತೋರಿಸುತ್ತಿದ್ದಾಗ ಅವನ ಲ್ಯಾಪ್‌ಟಾಪ್ ಸ್ತಬ್ಧ. ಚಕ್ರ ಸುತ್ತುತ್ತಲೇ ಇದೆ. ಸಿಳ್ಳೆ ಹಿಂದಿನಿಂದ ಒಂದು ಸಿಳ್ಳೆ ಹೊಡೆದಳು, ರೈಲು ಬಿಡುವ ಗಾರ್ಡಿನ ಹಾಗೆ. ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು.

ಅವನ ಮುಖ ನೋಡಿ ನನಗೆ ಭಯವಾಯಿತು. ಏನು ಬರೆದುಕೊಳ್ಳುತ್ತಾನೋ ಎಂದು. ಅವಳ ಮೇಲೆ ಎಗರಿದೆ — "ಇದೇನು ಬೀದಿ ಅಂದ್ಕೊಂಡ್ಯಾ? ಇರೋದಾದ್ರೆ ಸರಿಯಾಗಿರು, ಇಲ್ಲ ಅಂದ್ರೆ ನಡಿ."

ಅವಳು ಬೆರಳನ್ನು ಸ್ಕರ್ಟಿಗೆ ಒರೆಸಿಕೊಂಡಳು. ಮುಖ ಸಣ್ಣದಾಯಿತು. ಮುಂದಿನ ವಾರ ಸಮಾಧಾನ ಮಾಡಬೇಕು.

ಏಪ್ರಿಲ್ 30

ಮೊದಲ ಫಲಿತಾಂಶ. ಹಳದಿ. ನೂರಕ್ಕೆ 58.

"ನಿಮಗೇನ್ರೀ, ಸ್ಕೂಲಲ್ಲೂ ಅಷ್ಟೇ ಬರ್ತಿತ್ತಲ್ವಾ" ಎಂದಳು ಇವಳು, ಮಡಿಚುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ.

ಮೇ 10, ಶನಿವಾರ. ಸಂಜೆ

ಸಿಳ್ಳೆ ಇವತ್ತೂ ಇಲ್ಲ. ಎರಡನೇ ಶನಿವಾರ. ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಂಡಿರಬೇಕು.

ರೂಢಿಯಂತೆ ನಾಳೆ ಹೋಗಬೇಕು. ಯಾರೇ ಆಗಲಿ, ಎರಡು ಶನಿವಾರ ತಪ್ಪಿಸಿದರೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಅವರ ಮನೆ ಬಾಗಿಲಲ್ಲಿ. ನೀಲಿ ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಕೆಂಪು ಗುರುತು ಎಂದರೆ ಮನೆಗೆ ಹೋಗಿ ಬಂದೆ ಎಂದರ್ಥ. ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಕೆಲವರು ನನಗೆ ಟೀ ಕುಡಿಸಲೆಂದೇ ತಪ್ಪಿಸಿದ್ದೂ ಉಂಟು. ಎರಡು ವರ್ಷದ ಹಿಂದೆ ಸಿಳ್ಳೆಯ ಮನೆಗೆ ಹಾಗೆ ಹೋದಾಗಲೇ ಅವಳ ಅಮ್ಮ ಕಾಲು ಊದಿಸಿಕೊಂಡು ಮಷೀನಿನ ಮುಂದೆ ಕುಳಿತಿದ್ದದ್ದು ಕಂಡದ್ದು. ಸಕ್ಕರೆ ಕಾಯಿಲೆ. ಆಸ್ಪತ್ರೆ ಎಂದರೆ ಮೊಂಡು ಹಿಡಿಯುವ ಹೆಂಗಸು. ಗದರಿಸಿ ಎಬ್ಬಿಸಿಕೊಂಡು ಹೋಗಿದ್ದೆ.

ಆದರೆ ಮೊನ್ನೆ ಕಚೇರಿಯಿಂದ ಪತ್ರ ಬಂದಿದೆ. ನಾಯಕರು ಮಕ್ಕಳ ಮನೆಗೆ ಹೋಗಕೂಡದು. ವಿಚಾರಣೆಯ ಸಂದೇಶ ಪೋಷಕರಿಗೆ ತಾನಾಗಿ ಹೋಗುತ್ತದೆ, ಉತ್ತರ ಬಂದರೆ ದಾಖಲಾಗುತ್ತದೆ.

ಇರಲಿ. ಅವರ ನಿಯಮ ಅವರಿಗೆ.

ಮೇ 11, ಭಾನುವಾರ. ಬೆಳಿಗ್ಗೆ 10

ಮನೆಯಲ್ಲಿದ್ದೇನೆ. ಈ ಹೊತ್ತಿಗೆ ಕಾಲು ಚಾಚಿ ಕುಳಿತು ಎಷ್ಟು ವರ್ಷವಾಯಿತೋ. ಮಂಡಿಗೂ ಹಿತ. ನಿಜ ಹೇಳಬೇಕೆಂದರೆ ಆ ಪತ್ರ ಬಂದದ್ದು ಒಳ್ಳೆಯದೇ ಆಯಿತು ಅನ್ನಿಸಿತು.

ಮೇ 13, ಮಂಗಳವಾರ

ಊಟದ ಹೊತ್ತಿಗೆ ಫೋನ್ ಟಿಣ್ ಎಂದಿತು. ಕೈ ಎಂಜಲು, ಇವಳೇ ಓದಿದಳು — "'ನಿಮ್ಮ ಮಗು ಎರಡು ಸಭೆಗಳಿಗೆ ಬಂದಿಲ್ಲ. ಎಲ್ಲರೂ ಕ್ಷೇಮವೇ? ಹೌದಾದರೆ ಒಂದು ಒತ್ತಿ, ಇಲ್ಲವಾದರೆ ಎರಡು.' ನಮ್ಗೆ ಯಾವಾಗ್ರೀ ಮಗು ಆಯ್ತು? ನಂಗೊಂದು ಮಾತು ಹೇಳ್ಬಾರ್ದಾ?"

ನಕ್ಕಳು. ಮದುವೆಯಾಗಿ ಇಪ್ಪತ್ತಾರು ವರ್ಷವಾದ ಮೇಲೆ ಇದಕ್ಕೆ ನಗಬಲ್ಲಳು. ನನಗೆ ಇನ್ನೂ ಆಗುವುದಿಲ್ಲ.

"ಸ್ಯಾಂಪಲ್ ಕಣೇ" ಎಂದೆ. ಸಂಯೋಜಕ ಹೇಳಿದ್ದ, ನಾಯಕರಿಗೂ ಮಾದರಿ ಸಂದೇಶ ಬರುತ್ತದೆ, ಒಂದು ಒತ್ತಿಬಿಡಿ ಎಂದು. ಎಡಗೈಯಲ್ಲಿ ಒತ್ತಿದೆ.

ಮೇ 17, ಶನಿವಾರ

ಸಿಳ್ಳೆ ಇಲ್ಲ. ಪರದೆಯಲ್ಲಿ ಅವಳ ಹೆಸರಿನ ಮುಂದೆ ಹಸಿರು ಟಿಕ್ಕು — 'ಪೋಷಕರು ಉತ್ತರಿಸಿದ್ದಾರೆ: ಕ್ಷೇಮ.'

ಸರಿ ಹಾಗಾದರೆ. ಕ್ಷೇಮವಾಗಿದ್ದೂ ಬರುತ್ತಿಲ್ಲ. ಅಷ್ಟೊಂದು ಕೊಬ್ಬೇ? ಒಂದು ಮಾತು ಬೈದದ್ದಕ್ಕೆ? ಎರಡು ವರ್ಷದ ಹಿಂದಿನದು ಮರೆತೇ ಹೋಯಿತು ತಾಯಿ ಮಗಳಿಗೆ.

ಮೇ 27, ಮಂಗಳವಾರ

ಇವತ್ತು ಲಿಫ್ಟ್ ರಿಪೇರಿ ಕೆಲಸ ಹನ್ನೊಂದು ಮಹಡಿಯ ಕಟ್ಟಡದಲ್ಲಿ. ಲಿಫ್ಟಿನ ನೆತ್ತಿಯ ಮೇಲೆ ಕುಳಿತು ಗ್ರೀಸ್ ಹಚ್ಚುವಾಗ ಮತ್ತೊಂದು ಸಂದೇಶ. ಒಂದು ಒತ್ತಿದೆ. ವಾರ ವಾರ ಈ ಮಾದರಿಗಳ ಕಾಟ. ತಪಾಸಣೆ ಚೀಟಿಗೆ ಸಹಿ ಹಾಕುವ ಮೊದಲು ಲಿಫ್ಟಿನ ಗುಂಡಿಗಿಳಿದು ಉಕ್ಕಿನ ಹಗ್ಗವನ್ನು ಕೈಯಿಂದ ಮುಟ್ಟಿ ನೋಡುತ್ತೇನೆ, ಮೂವತ್ತು ವರ್ಷದಲ್ಲಿ ಒಂದು ದಿನವೂ ಬಿಟ್ಟಿಲ್ಲ. ಹೊಸ ಹುಡುಗರಿಬ್ಬರು ಮೇಲಿನಿಂದ ಟಾರ್ಚ್ ಬಿಟ್ಟು ಸಹಿ ಹಾಕುತ್ತಾರೆ. ಇಬ್ಬರಿಗೂ ಚೆನ್ನಾಗಿ ಉಗಿದೆ.

ಮೇ 31, ಶನಿವಾರ. ರಾತ್ರಿ 8

ಕೆಂಪು. 46.

ಹಾಜರಿ ಕಡಿಮೆಯಂತೆ. ಇನ್ನೊಂದು ಕೆಂಪು, ಹಾಲ್ ಹೋಯಿತು.

ಜೂನ್ 7, ಶನಿವಾರ. ಸಂಜೆ 6.30

ಫೋನೇ ದಾರಿ ತೋರಿಸಿತು. ಸಿಳ್ಳೆಯ ಹೆಸರು ಮುಟ್ಟಿದೆ, ಒಂದು ಚೌಕ ತೆರೆಯಿತು: 'ಆರು ಸಭೆಗೆ ಗೈರು. ಪೋಷಕರ ಪ್ರಕಾರ ಕ್ಷೇಮ. ಸದಸ್ಯರನ್ನು ನಿಷ್ಕ್ರಿಯಗೊಳಿಸುವಿರಾ?'

ಹಾಲ್ ಖಾಲಿಯಾಗಿತ್ತು. ಬೆಂಚಿನ ಮೇಲೆ ಒಬ್ಬನೇ. ಐದು ನಿಮಿಷ ಹೌದು-ಇಲ್ಲ ನೋಡುತ್ತಾ ಕುಳಿತೆ. ಹದಿಮೂರು ಮಕ್ಕಳ ಹಾಲ್ ಒಬ್ಬಳ ಸಿಟ್ಟಿಗೆ ಬಲಿಯಾಗಬೇಕೇ?

ಹೌದು ಒತ್ತಿದೆ. ಗುಂಪು ಹದಿಮೂರಾಯಿತು. ಕಣ್ಣೆದುರೇ ಪರದೆಯಲ್ಲಿ ಗುಂಪಿನ ಆರೋಗ್ಯದ ಮುಳ್ಳು ಕೆಂಪಿನಿಂದ ಸರಿದು ಹಳದಿಗೆ ಬಂತು. ಇಷ್ಟು ಸುಲಭ.

ಜೂನ್ 30

ಹಸಿರು! 81. ಸುದ್ದಿ ಕೇಳಿ ಹಾಲ್‌ಗೆ ಓಡಿಬಂದ ಮಕ್ಕಳು ಕುಣಿದರು. ನಾನೂ ಒಂದು ಹೆಜ್ಜೆ ಹಾಕಿದೆ, ಮಂಡಿ ಕಟಕ್ ಎಂದಿತು.

ಜುಲೈ 12, ಶನಿವಾರ

ಕಚೇರಿಯಿಂದ ಡಬ್ಬಿ. ಒಳಗೆ ಬಟ್ಟೆಯ ಬಿಲ್ಲೆಗಳು, ಹಸಿರು ದಾರದಲ್ಲಿ 'ಆರೋಗ್ಯವಂತ ಗುಂಪು'. ಮುಂದಿನ ತಿಂಗಳು ಸಮಾರಂಭ, ನಾನು ಎರಡು ಮಾತಾಡಬೇಕಂತೆ. ಬಿಲ್ಲೆಗಳನ್ನು ಮಕ್ಕಳ ಸ್ಕಾರ್ಫಿಗೆ ಹೊಲಿಸಬೇಕು.

ಹೊಲಿಗೆ ಎಂದರೆ ನಮಗೆ ಸಿಳ್ಳೆಯ ಅಮ್ಮನೇ. ಮೊದಲಿನಿಂದಲೂ. ನಾಳೆ ಹೋಗುತ್ತೇನೆ. ಇದು ಮಕ್ಕಳ ಮನೆಗೆ ಹೋದದ್ದಲ್ಲ, ಹೊಲಿಗೆಯವಳ ಮನೆಗೆ ಹೋದದ್ದು. ಕಚೇರಿಯವರು ಏನು ಮಾಡುತ್ತಾರೋ ನೋಡೋಣ. ಹುಡುಗಿ ಸಿಕ್ಕರೆ ನಾಲ್ಕು ಮಾತು ಬೈದು, ಕರೆದುಕೊಂಡೇ ಬರಬೇಕು. ಹೆಚ್ಚಿಗೆ ಬಂದ ಹದಿನಾಲ್ಕನೆಯ ಬಿಲ್ಲೆ ಅವಳಿಗೆಂದು ಎತ್ತಿಟ್ಟಿದ್ದೇನೆ.

ಜುಲೈ 13, ಭಾನುವಾರ. ಮಧ್ಯಾಹ್ನ 12

ಬೀಗ.

ಸಂಜೆ 5

ಬರೆಯುತ್ತೇನೆ. ಬರೆಯದಿದ್ದರೆ ಇವಳ ಹತ್ತಿರ ಹೇಳಬೇಕಾಗುತ್ತದೆ.

ಮೆಟ್ಟಿಲ ಕೆಳಗಿನ ಮನೆಯ ಹೆಂಗಸು ಬಂದಳು. ನನ್ನ ಕೊರಳ ಸ್ಕಾರ್ಫಿನ ಗಂಟು ನೋಡಿದಳು, ನನ್ನನ್ನು ನೋಡಿದಳು.

"ಶನಿವಾರದ ಸರ್ ಅಂದ್ರೆ ನೀವೇನಾ?"

ಹೌದೆಂದೆ.

"ಈಗ ಬಂದ್ರಾ?"

ಅಮ್ಮನಿಗೆ ಮೇ ಮೊದಲಲ್ಲಿ ಕಾಲಿಗೆ ಸೂಜಿ ಚುಚ್ಚಿತಂತೆ. ಸಣ್ಣ ಗಾಯ. ಕೀವಾಯಿತು. ಮೊಂಡು — ಆಸ್ಪತ್ರೆ ಬೇಡ, ಹೊಲಿಗೆ ಮುಗಿಯಲಿ. ಹುಡುಗಿ ಎಲ್ಲ ಬಿಟ್ಟು ಪಕ್ಕದಲ್ಲೇ ಕುಳಿತಳು. ಈ ಹೆಂಗಸೂ ಹೇಳಿ ಹೇಳಿ ಸೋತಳಂತೆ.

"ಭಾನುವಾರ ಬಂತು ಅಂದ್ರೆ ಹತ್ತು ಗಂಟೆಗೆ ಇಲ್ಲೇ ಮೆಟ್ಟಿಲ ಮೇಲೆ ಕೂತ್ಕೊಳ್ಳೋಳು. 'ಸರ್ ಬರ್ತಾರೆ ಆಂಟಿ, ಎರಡು ಶನಿವಾರ ತಪ್ಪಿದೆ. ಅವರು ಗದರಿದ್ರೆ ಅಮ್ಮ ಏಳ್ತಾಳೆ' ಅನ್ನೋಳು. ನನ್ನ ಫೋನ್ ಕೊಡ್ತೀನಿ, ಯಾರನ್ನಾದ್ರೂ ಕೇಳಿ ಅವರ ನಂಬರ್ ತಗೊಂಡು ಮಾಡೇ ಅಂದೆ. 'ಬೇಡ, ಅವ್ರಾಗೇ ಬರ್ತಾರೆ' ಅಂದ್ಲು. ಒಂದೇ ಹಟ. ನಾಲ್ಕೈದು ಭಾನುವಾರ ಸರ್. ಆಮೇಲೆ ಕೂರೋದು ಬಿಟ್ಲು."

ಆಸ್ಪತ್ರೆಗೆ ಸಾಗಿಸುವಾಗ ಪ್ರಜ್ಞೆ ಇರಲಿಲ್ಲವಂತೆ. ಎರಡು ದಿನದಲ್ಲಿ ಹೋಗಿಬಿಟ್ಟಳು. ಯಾವ ವಾರ ಎಂದು ಕೇಳಿದೆ, ಕೇಳಬಾರದಿತ್ತು. ಜೂನ್ ಎರಡನೆಯ ವಾರ. ನಾನು ಬೆಂಚಿನ ಮೇಲೆ ಕುಳಿತು ಹೌದು ಒತ್ತಿದ ಎರಡು ದಿನಕ್ಕೆ. ದೊಡ್ಡಮ್ಮ ಬಂದು ಹುಡುಗಿಯನ್ನು ತನ್ನ ಊರಿಗೆ ಕರೆದೊಯ್ದಳು. ಬಸ್ಸಿನಲ್ಲಿ ನಾಲ್ಕು ಗಂಟೆ.

ಸಂಜೆ 6.30

ಹಾಗಾದರೆ ಕ್ಷೇಮ ಎಂದು ಉತ್ತರಿಸಿದ ಪೋಷಕರು ಯಾರು? ಪರದೆ ತೆರೆದೆ. ಸಿಳ್ಳೆಯ ಹೆಸರು. ಪೋಷಕರ ನಂಬರ್.

ನನ್ನದು.

ಫೋನಿನಲ್ಲಿ ಎಲ್ಲ ಹಾಗೇ ಇದೆ. ನಿಮ್ಮ ಮಗು, ನಿಮ್ಮ ಮಗು, ನಿಮ್ಮ ಮಗು, ನಿಮ್ಮ ಮಗು. ನಾಲ್ಕು ಸಲ ಅದು ನನ್ನನ್ನು ಕೇಳಿದೆ. ನಾಲ್ಕು ಸಲವೂ ಒಂದು ಒತ್ತಿದ್ದೇನೆ.

ಇವಳು ಬಂದು ಹೆಗಲ ಮೇಲಿಂದ ನೋಡಿದಳು. ಈ ಸಲ ತಮಾಷೆ ಮಾಡಲಿಲ್ಲ. ಕುಕ್ಕರಿಸಿದಳು ನೆಲದ ಮೇಲೆ.

ಕೊನೆಯ ಸಂದೇಶಕ್ಕೆ ಈಗ ಎರಡು ಒತ್ತಿದೆ. ತಕ್ಷಣ ಬಂತು — 'ಧನ್ಯವಾದ. ಈ ಸದಸ್ಯರ ಕಡತ ಮುಚ್ಚಲಾಗಿದೆ.'

ಜುಲೈ 15, ಮಂಗಳವಾರ

ರಜೆ ಹಾಕಿ ಕಚೇರಿಗೆ ಹೋದೆ. ಎಲ್ಲ ಹೇಳಿದೆ. ಸಂಯೋಜಕ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ.

"ತುಂಬಾ ಬೇಜಾರಾಯ್ತು ಸರ್. ಆದ್ರೆ ಸಿಸ್ಟಮ್ ತಪ್ಪಿಲ್ಲ ಇದ್ರಲ್ಲಿ. ನೀವು ಹಾಕಿದ್ದನ್ನೇ ಅದು ನಂಬಿದೆ."

"ನಿಜ. ತಪ್ಪು ನಂದೇ. ಹಸಿರು ತೆಗೀರಿ. ನಮ್ಮ ಗುಂಪಿಗೆ ಆರೋಗ್ಯ ಇಲ್ಲ."

"ಹಿಂದಿನ ತಿಂಗಳದ್ದು ತಿದ್ದೋಕಾಗಲ್ಲ ಸರ್. ಲಾಕ್ ಆಗಿದೆ. ಸಮಾರಂಭದಲ್ಲಿ ಇದನ್ನೆಲ್ಲ ಹೇಳ್ಬೇಡಿ, ದಯವಿಟ್ಟು. ಹಾಲ್ ಹೋಗ್ಬಿಡುತ್ತೆ, ಉಳಿದ ಮಕ್ಕಳ ಗತಿ?"

ಅದನ್ನೇ ಅಲ್ಲವೇ ನಾನೂ ಆ ಬೆಂಚಿನ ಮೇಲೆ ನನಗೆ ಹೇಳಿಕೊಂಡದ್ದು. ಡಬ್ಬಿಯನ್ನು ಅವನ ಮೇಜಿನ ಮೇಲೆ ಬಿಟ್ಟು ಬಂದೆ, ಹದಿನಾಲ್ಕೂ ಬಿಲ್ಲೆ.

ಜುಲೈ 19, ಶನಿವಾರ

ಮಕ್ಕಳಿಗೆ ಹೇಳಿದೆ. ಮುಚ್ಚಿಡದೆ. ಉದ್ದನೆಯ ಹುಡುಗ ಹೊರಡುವಾಗ ಅಂದ — "ನಂಗೆ ಹಲ್ಲುನೋವು ಬಂದಾಗ್ಲೂ ಎರಡು ವಾರ ತಪ್ಪಿಸ್ಬೇಕು ಅಂತಿದ್ದೆ ಸರ್. ನೀವು ಬರ್ಲಿ ಅಂತ."

ಬೀಗ ಹಾಕಿ, ಬಸ್ಸಿನ ವೇಳೆ ಕೇಳಲು ನಿಲ್ದಾಣಕ್ಕೆ ಹೋದೆ.

ಜುಲೈ 20, ಭಾನುವಾರ. 10.50

ದೊಡ್ಡಮ್ಮನ ಮನೆಯ ಎದುರು, ಮುಚ್ಚಿದ ಅಂಗಡಿಯ ಕಟ್ಟೆ. ಐದೂಮುಕ್ಕಾಲರ ಬಸ್ಸು ಹಿಡಿದು ಬಂದೆ. ಕೆಳಗಿನ ಮನೆಯ ಹೆಂಗಸೇ ವಿಳಾಸ ಕೊಟ್ಟಳು. ಚೀಲದಲ್ಲಿ ನೀಲಿ ರಿಜಿಸ್ಟರು, ಕೆಂಪು ಪೆನ್ನು, ಹಾಲ್‌ನಲ್ಲೇ ಉಳಿದಿದ್ದ ಅವಳ ಸ್ಕಾರ್ಫು.

ಹತ್ತಕ್ಕೆ ಸರಿಯಾಗಿ ಬಾಗಿಲು ತಟ್ಟಿದೆ. ಅವಳೇ ತೆಗೆದಳು. ಕೈಯಲ್ಲಿ ಒದ್ದೆ ಬಟ್ಟೆ, ನೆಲ ಒರೆಸುತ್ತಿದ್ದಳು. ಕೂದಲು ಕತ್ತರಿಸಿಕೊಂಡಿದ್ದಾಳೆ. ನನ್ನನ್ನು ನೋಡಿದಳು. ಸ್ಕಾರ್ಫು ಚಾಚಿದೆ. ತೆಗೆದುಕೊಳ್ಳಲಿಲ್ಲ.

ಒಳಗಿನಿಂದ ದೊಡ್ಡಮ್ಮ ಕೂಗಿದಳು, "ಯಾರೇ ಅದು?"

"ಯಾರೂ ಇಲ್ಲ ದೊಡ್ಡಮ್ಮ."

ಹೇಳಿ, ಒಳಗೆ ಹೋದಳು.

ಅದಕ್ಕೇ ಇಲ್ಲಿ ಕುಳಿತಿದ್ದೇನೆ. ರಿಜಿಸ್ಟರ್ ತೆರೆದು ಅವಳ ಹೆಸರಿನ ಮುಂದೆ ಕೆಂಪು ಗುರುತು ಹಾಕಲು ಹೋದೆ. ಆಗಲಿಲ್ಲ. ಹೋಗಿ ಬಂದೆ ಎಂದು ಹೇಗೆ ಬರೆಯಲಿ.

ಬಾಗಿಲು ಹಾಕಿಲ್ಲ ಅವಳು. ಐವತ್ತು ನಿಮಿಷವಾಯಿತು, ತೆರೆದೇ ಇದೆ. ಮರೆತಿರಬಹುದು. ನೆಲ ಆರಲೆಂದು ಬಿಟ್ಟಿರಬಹುದು. ವಾಪಸು ಬಸ್ಸು ಒಂದಕ್ಕೆ. ಇನ್ನೊಂದು ಸಲ ತಟ್ಟುತ್ತೇನೆ. ಯಾರು ಎಂದು ಕೇಳಿದರೆ ಈ ಸಲ ನಾನೇ ಹೇಳಬೇಕು, ನಾನು ಶನಿವಾರದ ಸರ್, ತಡವಾಗಿ ಬಂದೆ ಎಂದು.